ಮೊಳೆಗೆ ತೂಗಿದ ದುಂಡು ಬಲೆ

ಕಿನು ದಿನಕ್ಕೆ ನಾನೂರು ಮೀನಿನ ತಲೆಗೆ ಹೊಡೆಯುತ್ತಿದ್ದಳು.

ಅಕ್ಟೋಬರ್ ಬಂತೆಂದರೆ ನಮ್ಮೂರು ಓತೊಶಿಯಲ್ಲಿ, ಸರೋವರಕ್ಕೆ ಸೇರುವ ಹಳ್ಳದ ಬಾಯಿಗೆ ಹಿಮೆಮಸು ಮೀನು ಕೆಂಪಗೆ ಮುತ್ತಿಕೊಳ್ಳುತ್ತಿತ್ತು. ಸಾಲ್ಮನ್ ಕುಲದ್ದೇ, ಆದರೆ ಸಮುದ್ರದ ಮುಖ ಕಾಣದ್ದು. ಸರೋವರದಲ್ಲೇ ಬೆಳೆದು, ನಾಲ್ಕನೆಯ ವರ್ಷಕ್ಕೆ ಮೊಟ್ಟೆಯಿಡಲು ಬಂದು, ಅಲ್ಲೇ ಸಾಯುವಂಥದ್ದು. ತಾನಾಗಿ ಸಾಯಲು ಅದನ್ನು ನಾವು ಬಿಟ್ಟರೆ ತಾನೇ. ಮೀನುಗಾರರ ಸಂಘದ ಮರಿಮನೆಯಲ್ಲಿ ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ಎಡಗೈಯಲ್ಲಿ ಬಾಲ, ಬಲಗೈಯಲ್ಲಿ ಮೊಳದುದ್ದದ ಕೊರಡು, ತಲೆಗೆ ಒಂದೇ ಏಟು. ಎರಡನೆಯ ಏಟು ಬೇಕಾಯಿತೆಂದರೆ ಆ ಹೆಂಗಸಿಗೆ ಇನ್ನೂ ಕೈ ಪಳಗಿಲ್ಲವೆಂದೇ ಲೆಕ್ಕ. ಆಮೇಲೆ ಚಾಕುವಿನಿಂದ ಹೊಟ್ಟೆಯುದ್ದಕ್ಕೆ ಒಂದೇ ಎಳೆತ. ಕಿತ್ತಳೆ ಬಣ್ಣದ ಮೊಟ್ಟೆ ಬೋಗುಣಿಗೆ ಬೀಳುತ್ತಿತ್ತು. ಅದರ ಮೇಲೆ ಗಂಡು ಮೀನಿನ ಹಾಲಿನಂಥ ವೀರ್ಯ ಹಿಂಡಿ, ಹಕ್ಕಿಯ ಗರಿಯಿಂದ ಮೆಲ್ಲಗೆ ಕಲಸಿ, ಒರತೆ ನೀರು ಹರಿಯುವ ತೊಟ್ಟಿಗಳಲ್ಲಿ ಇಡುತ್ತಿದ್ದರು.

ಹತ್ತೊಂಬತ್ತನೆಯ ವಯಸ್ಸಿಗೆ ಆ ಸಾಲಿಗೆ ಸೇರಿದ ಕಿನುವಿಗೆ ಮೂವತ್ತೊಂಬತ್ತು ತುಂಬಿದರೂ ಯಾವತ್ತೂ ಎರಡನೆಯ ಏಟು ಬೇಕಾಗಿರಲಿಲ್ಲ. ಮುಖಕ್ಕೆ ರಕ್ತ ಸಿಡಿದರೆ ತೋಳಿನಿಂದ ಒರೆಸಿಕೊಂಡು ಮುಂದಿನ ಬಾಲಕ್ಕೆ ಕೈ ಹಾಕುತ್ತಿದ್ದಳು. ಅಂಥ ಹೆಂಗಸು ಬೆರಳುದ್ದದ ಮರಿಗಳನ್ನು ಕೊಲ್ಲಲಾರದೆ ಇಡೀ ಊರನ್ನು ಹೊಡೆದಾಟಕ್ಕೆ ಹಚ್ಚಿದಳು ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಅವರ ಕೈ ಮೂಳೆ ಯಾರೂ ಮುರಿದಿಲ್ಲ.

ಚಳಿಗಾಲವೆಲ್ಲ ಮರಿಮನೆಯ ಕೆಲಸ ಬೇರೆ. ತೊಟ್ಟಿಗಳ ಮೇಲೆ ಬಗ್ಗಿ, ಸತ್ತು ಬೆಳ್ಳಗಾದ ಮೊಟ್ಟೆಗಳನ್ನು ಬಿದಿರಿನ ಚಿಮುಟದಿಂದ ಒಂದೊಂದಾಗಿ ಆರಿಸಿ ತೆಗೆಯಬೇಕು. ಬಿಟ್ಟರೆ ಬೂಷ್ಟು ಹಿಡಿದು ಪಕ್ಕದ್ದೂ ಸಾಯುತ್ತದೆ. ಹಿಮದ ನೀರಿನಲ್ಲಿ ಬೆರಳು ಮರಗಟ್ಟಿ, ಉಗುರಿನ ಸುತ್ತ ಬಿರಿದು ರಕ್ತ ಬಂದರೂ ಕಿನುವಿನ ಚಿಮುಟ ತಪ್ಪುತ್ತಿರಲಿಲ್ಲ. ಅವಳ ತೊಟ್ಟಿಯಲ್ಲಿ ಸಾವು ಕಡಿಮೆ ಎಂಬುದು ಊರಿಗೇ ಗೊತ್ತಿತ್ತು. ಅದೇ ತೊಂದರೆಗೂ ಮೂಲವಾಯಿತು.

ಏಕೆಂದರೆ ಸರೋವರಕ್ಕೆ ವಸಂತದಲ್ಲಿ ಬಿಡುವುದು ಮೂರು ಲಕ್ಷ ಮರಿ ಮಾತ್ರ. ಸಂಘದ ಯಜಮಾನ ಮುರಾಕೋಶಿಯ ತಂದೆಯ ಕಾಲದಿಂದ ಬಂದ ಕಟ್ಟಳೆ ಅದು. ಯಾಕೆ ಮೂರೇ ಲಕ್ಷ ಎಂದರೆ ಮುರಾಕೋಶಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಮುದುಕರು ಹೇಳದೆ ಸತ್ತಿದ್ದರು. ಚಳಿಗಾಲದಲ್ಲಿ ಎಷ್ಟು ಸಾಯುತ್ತವೋ ಎಂದು ಮೊಟ್ಟೆಯನ್ನೇನೋ ಹೆಚ್ಚಾಗಿಯೇ ತೆಗೆಯುತ್ತಿದ್ದರು. ಉಳಿದ ಮರಿಗಳನ್ನು ಮರಿಮನೆಯ ಹಿಂದಿನ ಗುಂಡಿಗೆ ಸುರಿದು ಸುಣ್ಣ ಚೆಲ್ಲಬೇಕು. ಆ ಕೆಲಸ ಮಾಡುತ್ತಿದ್ದ ಮುದುಕ ತೀರಿಕೊಂಡ ವರ್ಷ ಅದು ಕಿನುವಿನ ಪಾಲಿಗೆ ಬಂತು. ಆಗ ಅವಳಿಗೆ ಮೂವತ್ತಮೂರು.

ಮೊದಲ ಬಕೀಟು ಸುರಿದಳು. ಸುಣ್ಣದ ಮೇಲೆ ಬಿದ್ದ ಮರಿಗಳು ಒಂದು ಗಳಿಗೆ ಬೆಳ್ಳಿಯ ಹಾಗೆ ಕುದ್ದವು. ಚಟಪಟ ಎನ್ನುವ ಸದ್ದೂ ಇತ್ತು. ಕಿನು ಪಕ್ಕಕ್ಕೆ ತಿರುಗಿ ಬೆಳಗಿನ ಅನ್ನವನ್ನೆಲ್ಲ ಕಕ್ಕಿದಳು. ಅವಳು ಬತ್ತ ಬೆಳೆಯುವ ಕೆಳಗಿನ ಊರಿನ ಹುಡುಗಿ. ತಂಪು ಬೇಸಿಗೆಯಲ್ಲಿ ಪೈರು ಕಾಳುಕಟ್ಟದ ವರ್ಷ ಅವಳ ತಾಯಿ ಬಿತ್ತನೆಯ ಮೂಟೆಯನ್ನು ಎದೆಗವಚಿಕೊಂಡು ಉಪವಾಸ ಸತ್ತಿದ್ದಳು, ಮೂಟೆಯ ಬಾಯಿ ಬಿಚ್ಚಿರಲಿಲ್ಲ. ಬಿತ್ತನೆ ಹೆಚ್ಚಾಯಿತೆಂದು ಮಣ್ಣಿಗೆ ಸುರಿಯುವವರನ್ನು ಕಿನು ಕಂಡಿರಲಿಲ್ಲ. ಮೀನನ್ನು ಕೊಲ್ಲುವುದು ಊಟಕ್ಕೆ, ಇದು ಯಾತಕ್ಕೆ? ಹೆಚ್ಚು ಬಿತ್ತಿದರೆ ಹೆಚ್ಚು ಬೆಳೆ. ಇದರಲ್ಲಿ ತಿಳಿಯದಿರುವುದೇನಿದೆ?

ಎಲ್ಲರೂ ಒಲೆಯ ಸುತ್ತ ಕೂತು ಅನ್ನದುಂಡೆ, ಹೊಗೆ ಹಾಕಿದ ಮೂಲಂಗಿ ತಿನ್ನುವ ಮಧ್ಯಾಹ್ನದ ಹೊತ್ತಿಗೆ ಅವಳು ಎರಡು ಮರದ ಬಕೀಟು ತುಂಬಿ, ಅಡ್ಡೆ ಹೆಗಲಿಗೇರಿಸಿ, ಹಿಂದಿನ ಕಾಲುದಾರಿ ಹಿಡಿದಳು. ಜೊಂಡಿನ ನಡುವೆ ಇಳಿದು ಮರಿಗಳನ್ನು ಸರೋವರಕ್ಕೆ ಬಿಟ್ಟಳು. ಗುಂಡಿಗೆ ಬರಿಯ ಸುಣ್ಣ ಚೆಲ್ಲಿದಳು. ದಾರಿಯ ಕಲ್ಲುಗಳ ಮೇಲೆ ನೀರು ತುಳುಕಿ ಹತ್ತಾರು ಮರಿ ಪಾಚಿಗೆ ಬೀಳುತ್ತಿದ್ದವು. ಬಗ್ಗಿ ಹೆಕ್ಕುವಷ್ಟರಲ್ಲಿ ಬಾಯಿ ತೆರೆದಿರುತ್ತಿದ್ದವು. ಆ ದಾರಿ, ಅವಳ ಜೊತೆಗೇ ಈ ಊರಿಗೆ ಬಂದಿದ್ದ ತಮ್ಮ ಸೋಕಿಚಿ ಬಲೆ ಹೆಣೆಯುವ ಕೊಟ್ಟಿಗೆಯ ಹಿಂದೆಯೇ ಹಾದುಹೋಗುತ್ತಿತ್ತು. ಒಮ್ಮೆ ಕೊಟ್ಟಿಗೆಯ ಬಾಗಿಲು ಅರೆತೆರೆದದ್ದು ಕಂಡು ತಲೆ ತಗ್ಗಿಸಿ ಬಿರಬಿರನೆ ದಾಟಿದ್ದಳು. ಒಳಗಿಂದ ಯಾರೂ ಮಾತಾಡಲಿಲ್ಲ. ಆರು ವಸಂತ ಹೀಗೆ ನಡೆಯಿತು.

ಗಂಡ ತತ್ಸುಜೊನಿಗೆ ಹೇಳುವ ಮಾತೇ ಇರಲಿಲ್ಲ. ಓತೊಶಿಯಲ್ಲಿ ಕೈ ಎತ್ತದ ಗಂಡಂದಿರು ಬಹಳ ಮಂದಿ ಇದ್ದರೆಂದಲ್ಲ, ಆದರೆ ತತ್ಸುಜೊನ ಮುಷ್ಟಿಗೆ ಊರಿನ ಗಂಡಸರೇ ದಾರಿ ಬಿಡುತ್ತಿದ್ದರು. ಕಿನುವಿನ ಕೆಳಗಿನ ಎರಡು ಹಲ್ಲು ಅವನು ಮುರಿದದ್ದು ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಮರುದಿನ ಅವನೇ ಅಂಗಡಿಯಿಂದ ಮೆತ್ತನೆಯ ಹುರುಳಿ ಮಿಠಾಯಿ ತಂದು ಕೊಟ್ಟಿದ್ದ. ಅವಳಿಗೆ ಅದನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತ್ತು, ತಿಂದಳು.

ಮೊದಲ ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಬಲೆಗಳು ಮುಳುಗುವಷ್ಟು ಮೀನು ಬಂತು. ಗಂಡಸರು ದೋಣಿಯಲ್ಲೇ ಹಾಡಿದರು. ಮೀನು ಒಂದು ಬೆರಳಗಲ ಗಿಡ್ಡವಾಗಿದೆ ಎಂದು ಯಾರೂ ಗಮನಿಸಲಿಲ್ಲ. ತುಂಬಿದ ಬಲೆ ಎಳೆಯುವವನು ಅಳತೆ ಮಾಡುತ್ತಾನೆಯೇ? ಇದೆಲ್ಲ ನನ್ನ ಬಕೀಟಿನದ್ದು ಎಂದು ಕಿನು ಒಳಗೊಳಗೇ ಬೀಗಿದಳು. ಗಂಡ ಹೊಡೆದ ದಿನಗಳಲ್ಲೂ ಆ ಹೆಮ್ಮೆ ಅವಳನ್ನು ಬೆಚ್ಚಗಿಡುತ್ತಿತ್ತು.

ನಾಲ್ಕನೆಯ ವರ್ಷದಿಂದ ಎಲ್ಲ ತಲೆಕೆಳಗಾಯಿತು. ಹಿಮ ಕರಗಿದಾಗ ಮೀನು ಬಡಕಲಾಗಿರುವುದು ಹೊಸದಲ್ಲ. ಚಳಿಗಾಲದಲ್ಲಿ ನೀರಿನಲ್ಲಿ ತಿನ್ನಲೇನೂ ಇರುವುದಿಲ್ಲ. ಬೇಸಿಗೆ ಬಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ನೀರುಹುಳು ಸರೋವರದ ತುಂಬ ಹುಟ್ಟುತ್ತವೆ. ಅವನ್ನು ಮೇಯ್ದು ಶರತ್ಕಾಲಕ್ಕೆ ಹಿಮೆಮಸು ಮೊಳದುದ್ದವಾಗಿ, ಸುಟ್ಟರೆ ಕೊಬ್ಬು ತೊಟ್ಟಿಕ್ಕುವ ಹಾಗಿರುತ್ತದೆ. ಆ ವರ್ಷ ಶರತ್ಕಾಲ ಬಂದರೂ ಮೀನು ವಸಂತದ ಮೀನಿನ ಹಾಗೆಯೇ ಇತ್ತು, ತಲೆ ದೊಡ್ಡದು, ಮೈ ಸಣ್ಣದು. ಆರನೆಯ ವರ್ಷಕ್ಕೆ ಗೇಣುದ್ದಕ್ಕೆ ಇಳಿಯಿತು. ಸಂಘ ಮುದ್ರೆಯೊತ್ತಿದ ಬಲೆಯ ಕಣ್ಣಿಗಿಂತ ಮೀನೇ ಚಿಕ್ಕದಾಗಿ, ಎಲ್ಲ ನುಸುಳಿ ಹೋಗಿ, ಬಲೆಗಳು ಬರಿದಾಗಿ ಮೇಲೆ ಬಂದವು. ಸಿಕ್ಕ ನಾಲ್ಕನ್ನು ಬಿಸಿನೀರಿನ ಬುಗ್ಗೆಯ ಛತ್ರದವನಿಗೆ ಕೊಟ್ಟರೆ ಅವನು ತತ್ಸುಜೊನ ಕಾಲಬುಡಕ್ಕೇ ಎಸೆದ.

"ಇದೇನು ಮೀನೋ, ಬೆಕ್ಕಿನ ತಿಂಡಿಯೋ? ನನ್ನ ಗಿರಾಕಿಗಳಿಗೇನು ಬೆಕ್ಕಿನ ಮೀಸೆ ಬಂದಿದ್ಯಾ?"

ತತ್ಸುಜೊ ಆ ಮೀನುಗಳನ್ನು ಅವನ ಬಾಯಿಗೆ ತುರುಕಿ ಬಂದ. ಛತ್ರದ ಬಾಗಿಲು ನಮ್ಮೂರಿಗೆ ಅಂದೇ ಮುಚ್ಚಿತು.

ಹಸಿವಿಗಿಂತ ಮೊದಲು ಸಂಶಯ ಬರುತ್ತದೆ. ಯಾರೋ ಕಳ್ಳ ಸಣ್ಣ ಕಣ್ಣಿನ ಬಲೆ ಹಾಕಿ ಎಳೆಯ ಮೀನನ್ನೆಲ್ಲ ಬಾಚುತ್ತಿದ್ದಾನೆ, ಅದಕ್ಕೇ ದೊಡ್ಡದಾಗುವುದಕ್ಕೆ ಒಂದೂ ಉಳಿಯುತ್ತಿಲ್ಲ ಎಂದು ಊರು ತೀರ್ಮಾನಿಸಿತು. ಒಬ್ಬರ ದೋಣಿಯನ್ನು ಇನ್ನೊಬ್ಬರು ತಡಕಿದರು. ಗೆನ್ಪಾಚಿ ಎಂಬ ಬಾಯಿಬಡುಕ ತನ್ನ ಬಲೆ ಯಾರೋ ಕುಯ್ದಿದ್ದಾರೆಂದು ತತ್ಸುಜೊನ ದೋಣಿಯ ತಳಕ್ಕೆ ಕೊಡಲಿ ಹಾಕಿದ. ತತ್ಸುಜೊ ಮುಳುಗುತ್ತಿದ್ದ ದೋಣಿಯಿಂದಲೇ ಹುಟ್ಟು ಬೀಸಿ ಗೆನ್ಪಾಚಿಯ ಹೆಗಲ ಮೂಳೆ ಮುರಿದ. ದಡದಲ್ಲಿ ಅಣ್ಣತಮ್ಮಂದಿರು ಗಾಳದ ಕೊಕ್ಕೆಗಳಿಂದ ಒಬ್ಬರನ್ನೊಬ್ಬರು ಸೀಳಿಕೊಂಡರು. ಒಬ್ಬನ ಕಿವಿ ಕೊನೆಗೂ ಸಿಗಲಿಲ್ಲ, ನಾಯಿ ತಿಂದಿತೆಂದು ಹೇಳುತ್ತಾರೆ. ಮೀನು ತೊಳೆಯುವ ಕಟ್ಟೆಯ ಮೇಲೆ ಆ ಬೇಸಿಗೆ ಹರಿದದ್ದು ಮನುಷ್ಯರ ರಕ್ತವೇ ಹೆಚ್ಚು.

ಅಕ್ಟೋಬರಿನ ಒಂದು ಬೆಳಿಗ್ಗೆ ಗೆನ್ಪಾಚಿ, ಮುರಿದ ಕಡೆಯ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡೇ, ಸೋಕಿಚಿಯ ಕೊಟ್ಟಿಗೆಗೆ ನುಗ್ಗಿದ. ಸೋಕಿಚಿ ಮೂವತ್ತೈದರ ಒಂಟಿ ಮನುಷ್ಯ. ಕಾಲು ಸ್ವಲ್ಪ ಕುಂಟು. ಮಾತು ಕಡಿಮೆ. ಊರಿನ ಬಲೆಗಳೆಲ್ಲ ಅವನ ಬಿದಿರು ಸೂಜಿಯಿಂದಲೇ ಹುಟ್ಟುತ್ತಿದ್ದವು. ಅವನ ಪೆಟ್ಟಿಗೆಯ ತಳದಲ್ಲಿ ಗೆನ್ಪಾಚಿಗೆ ಒಂದು ಬಲೆ ಸಿಕ್ಕಿತು. ಜೋಳದ ಕಾಳೂ ನುಸುಳದಷ್ಟು ಸಣ್ಣ ಕಣ್ಣಿನದು.

ಸೋಕಿಚಿಯನ್ನು ಕೂದಲು ಹಿಡಿದು ಸಂಘದ ಮನೆಯ ಅಂಗಳಕ್ಕೆ ಎಳೆತಂದರು. ಕಿನು ರಕ್ತದ ಮೇಲುಡುಪಿನಲ್ಲೇ ಮರಿಮನೆಯಿಂದ ಓಡಿಬಂದಳು.

"ಏನ್ಲಾ ಇದು? ಬೊಗಳು!" ಗೆನ್ಪಾಚಿ ಮುಷ್ಟಿಯಲ್ಲಿ ಮುದ್ದೆ ಮಾಡಿದ್ದ ಬಲೆಯನ್ನು ಅವನ ಮೂಗಿಗೆ ಹಿಡಿದ.

"ಬಲೆ."

"ಬಲೆ ಅಂತ ನಂಗೂ ಕಾಣುತ್ತೆ ಕಣೋ. ಇಷ್ಟು ಸಣ್ಣ ಕಣ್ಣು ಯಾತಕ್ಕೆ? ಸೊಳ್ಳೆ ಹಿಡಿಯಕ್ಕಾ?"

ಕೆಲವರು ನಕ್ಕರು. ಸೋಕಿಚಿ ನೆಲ ನೋಡಿದ.

"ಯಾರಿಗೋಸ್ಕರ ಹೆಣೆದೆ? ಹೆಸರು ಹೇಳು, ಬಿಡ್ತೀವಿ," ಎಂದ ಮುರಾಕೋಶಿ.

"ಯಾರಿಗೂ ಅಲ್ಲ. ನಂದೇ."

ಕಿನುವಿನ ತಲೆಯಲ್ಲಿ ಏನೋ ಸಿಡಿಯಿತು. ಆರು ವರ್ಷ ಹೆಗಲು ಸುಲಿದುಕೊಂಡು ತಾನು ಬಿಟ್ಟ ಮರಿಗಳು ಇವನ ಚೀಲಕ್ಕೆ ಹೋದವೇ? ಗುಂಪು ಸೀಳಿಕೊಂಡು ಹೋಗಿ, ಕೊರಡು ಹಿಡಿದು ಗಟ್ಟಿಯಾದ ಆ ಕೈಯಿಂದ ತಮ್ಮನ ಕೆನ್ನೆಗೆ ಬಾರಿಸಿದಳು.

"ಮರಿಗಳನ್ನ ತಿಂದ್ಯಲ್ಲೋ ಪಾಪಿ! ಒಂದೊಂದು ಮರೀನೂ ನಾನು..." ಎಂದವಳು ಅಲ್ಲಿಗೇ ನಾಲಗೆ ಕಚ್ಚಿಕೊಂಡಳು.

ಸೋಕಿಚಿಯ ತುಟಿ ಒಡೆದಿತ್ತು. ತಲೆಯೆತ್ತಿ ಅಕ್ಕನನ್ನು ನೋಡಿದ. ಕಳ್ಳನಿಗೆ ಮಾತೆಲ್ಲಿ ಬರಬೇಕು ಎಂದುಕೊಂಡಳು.

ಆಮೇಲೆ ಎಲ್ಲರ ಕಣ್ಣು ತತ್ಸುಜೊನ ಮೇಲೆ ಹೋಯಿತು. ಕಳ್ಳನ ಭಾವ, ಅವನೂ ಪಾಲುಗಾರನಿರಬಹುದಲ್ಲ. ತತ್ಸುಜೊನಿಗೆ ಅದು ಅರ್ಥವಾಯಿತು. ದೋಣಿಗೆ ಬೆಣೆ ಹೊಡೆಯುವ ಮರದ ಕೊಡತಿಯನ್ನು ಎತ್ತಿಕೊಂಡ.

"ಭಾವ..." ಎಂದ ಸೋಕಿಚಿ.

"ಯಾವನಿಗೋ ಭಾವ? ಹಿಡೀರೋ ಇವನ ಬಲಗೈನ."

ಇಬ್ಬರು ಅವನ ಬಲಗೈಯನ್ನು ಹೊಸ್ತಿಲ ಕಲ್ಲಿನ ಮೇಲೆ ಚಾಚಿ ಹಿಡಿದರು. ತತ್ಸುಜೊ ಮೂರು ಸಲ ಹೊಡೆದ. ಮೊದಲನೆಯದಕ್ಕೆ ಸೋಕಿಚಿ ಕೂಗಿದ, ಎರಡನೆಯದಕ್ಕೆ ಬರಿಯ ಉಸಿರು ಬಂತು, ಮೂರನೆಯದು ಅವನಿಗೆ ಗೊತ್ತಾಗಲಿಲ್ಲ. ಕಿನು ಮುಖ ತಿರುಗಿಸದೆ ನೋಡಿದಳು. ಅದನ್ನು ಅವಳು ಆಮೇಲೆ ಯಾರಿಗೂ ಮುಚ್ಚಿಡಲಿಲ್ಲ: ಬೇಕೆಂದೇ ನೋಡಿದೆ, ನೋಡಿ ಸಮಾಧಾನವಾಯಿತು ಎಂದು ತಾನೇ ಹೇಳುತ್ತಿದ್ದಳು.

ಆ ಬಲೆಯನ್ನು ಸಂಘದ ಮನೆಯ ಕಂಬದ ಮೊಳೆಗೆ ತೂಗುಹಾಕಿದರು, ಎಲ್ಲರೂ ನೋಡಲಿ ಎಂದು. ಸೋಕಿಚಿಯ ಜೊತೆ ಊರು ಮಾತು ನಿಲ್ಲಿಸಿತು. ಅಂಗಡಿಯವಳು ಉಪ್ಪು ಕೊಡಲಿಲ್ಲ, ಬಾವಿಯ ಹಗ್ಗ ಸುತ್ತಿಟ್ಟರು. ನವೆಂಬರಿನಲ್ಲಿ, ವರ್ಷವೆಲ್ಲ ಕೊಂದ ಮೀನುಗಳಿಗೆ ಕ್ಷಮೆ ಕೇಳುವ ಪೂಜೆಯ ದಿನ, ಅವನ ಹೆಸರನ್ನು ಸಂಘದ ಪಟ್ಟಿಯಿಂದ ಹೊಡೆದುಹಾಕುವುದೆಂದು ಗೊತ್ತಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಓತೊಶಿಯಲ್ಲಿ ನೀರಿಲ್ಲ, ದಡವಿಲ್ಲ. ಮುರಿದ ಕೈಯಲ್ಲಿ, ಹಿಮ ಬೀಳುವ ತಿಂಗಳಲ್ಲಿ, ಕುಂಟುತ್ತಾ ಕಣಿವೆ ಇಳಿಯಬೇಕು. ಅದು ಸಾಯಿಸುವುದಕ್ಕಿಂತ ಬೇರೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಪೂಜೆಯ ಹಿಂದಿನ ದಿನ ಕೆಳಗಿನ ಪಟ್ಟಣದ ಮೀನು ಸಂಶೋಧನೆಯ ಕಚೇರಿಯಿಂದ ಇನೊಮಾತಾ ಎಂಬ ಕನ್ನಡಕದ ಮನುಷ್ಯ ಬಂದ. ಮರಿಮನೆಯ ಮೇಜಿನ ಮೇಲೆ ಸೂಕ್ಷ್ಮದರ್ಶಕವಿಟ್ಟು, ಗೇಣುದ್ದದ ಒಂದು ಮೀನಿನ ಮೈಯಿಂದ ಒಂದು ಹುರುಪೆ ಕಿತ್ತು ಗಾಜಿಗೆ ಅಂಟಿಸಿದ. ಕಿನು ಚಹಾ ತಂದಿಟ್ಟು ಅಲ್ಲೇ ನಿಂತಳು.

"ಯಜಮಾನ್ರೇ, ಇದಕ್ಕೆ ಎಷ್ಟು ವಯಸ್ಸು ಹೇಳಿ?"

"ಎಳೇದು. ಎರಡು ವರ್ಷ ಇರ್ಬೇಕು," ಎಂದ ಮುರಾಕೋಶಿ.

"ನಾಲ್ಕು. ಬನ್ನಿ, ನೋಡಿ. ಮರದಲ್ಲಿ ಇರೋ ಹಾಗೆ ಉಂಗುರ ಇದೆ. ಚೆನ್ನಾಗಿ ತಿಂದ ವರ್ಷದ್ದು ಅಗಲ ಇರುತ್ತೆ. ಇದರಲ್ಲಿ ಒಂದೂ ಅಗಲ ಇಲ್ಲ. ಹುಟ್ಟಿದ ವರ್ಷದಿಂದಾನೇ ಹೊಟ್ಟೆಗಿಲ್ಲದೆ ಬೆಳೆದಿದೆ."

"ಸಣ್ಣ ಕಣ್ಣಿನ ಬಲೇಲಿ ಮರಿ ಕದ್ದಿದಾನಲ್ಲ, ಅದಕ್ಕೆ."

ಇನೊಮಾತಾ ಕನ್ನಡಕ ತೆಗೆದು ಒರೆಸಿದ. "ಕದ್ದಿದ್ರೆ ಉಳಿದವು ಕೊಬ್ಬಿರ್ತಿದ್ವು ಸ್ವಾಮಿ. ಹತ್ತು ಜನಕ್ಕೆ ಬೇಯಿಸಿದ ಅನ್ನ ಐದೇ ಜನ ಉಂಡ್ರೆ ಹೊಟ್ಟೆ ತುಂಬಲ್ವಾ? ಇಲ್ಲಿ ಮೂವತ್ತು ಜನ ಕೂತು ಬಿಟ್ಟಿದಾರೆ. ಸರೋವರದ ಹುಳ ಅಷ್ಟೇ, ಬಾಯಿ ಮಾತ್ರ ಮೂರು ಪಟ್ಟು. ಯಾರೂ ಕದ್ದಿಲ್ಲ. ಯಾರೋ ಸೇರಿಸಿದಾರೆ."

"ಪುಸ್ತಕದಲ್ಲಿ ಮೂರು ಲಕ್ಷ ಬರ್ದಿದೆ!"

"ಪುಸ್ತಕದಲ್ಲಿ ಇರಬಹುದು. ನೀರಲ್ಲಿ ಹಾಗಿಲ್ಲ."

ಮುರಾಕೋಶಿ ಕೆಂಡವಾದ. ತನ್ನ ತಂದೆಯ ಕಟ್ಟಳೆ, ತನ್ನ ಪುಸ್ತಕ, ಎರಡನ್ನೂ ಈ ಪಟ್ಟಣದವನು ಸುಳ್ಳೆನ್ನುತ್ತಾನೆ. "ಎತ್ಕೊಳ್ಳಯ್ಯಾ ನಿನ್ನ ಗಾಜು! ಹೊರಗೆ ನಡಿ!" ಎಂದು ಚಹಾದ ಬಟ್ಟಲನ್ನು ಗೋಡೆಗೆ ಒಡೆದ. ಇನೊಮಾತಾ ಪೆಟ್ಟಿಗೆ ಅಪ್ಪಿಕೊಂಡು ಮಧ್ಯಾಹ್ನದ ಬಸ್ಸಿಗೆ ಓಡಿದ.

ಕಿನು ಚೂರುಗಳನ್ನು ಆರಿಸಿದಳು. ಬೆರಳು ಕುಯ್ದದ್ದು ಗೊತ್ತಾಗಲಿಲ್ಲ. ಇಡೀ ಊರಿನಲ್ಲಿ ಆ ಕನ್ನಡಕದವನ ಮಾತು ನಿಜವೆಂದು ಬಲ್ಲವಳು ಅವಳೊಬ್ಬಳೇ. ತನ್ನ ಹೆಮ್ಮೆಯ ಮರಿಗಳೇ ಒಂದರ ಬಾಯಿಯದನ್ನು ಒಂದು ಕಿತ್ತುಕೊಂಡು, ಎಲ್ಲವೂ ಹಸಿದುಕೊಂಡು, ಗೇಣುದ್ದದಲ್ಲೇ ಮುದಿಯಾಗಿದ್ದವು. ಆದರೂ ಮನಸ್ಸು ಒಂದು ಕೊನೆಯ ಜೊಂಡು ಹಿಡಿದುಕೊಂಡಿತು. ಬಲೆ ಸಿಕ್ಕಿತ್ತಲ್ಲ? ಅವನೂ ಏನೋ ಮಾಡಿರಲೇಬೇಕು. ಪೂರ್ತಿ ನಿರಪರಾಧಿಯಂತೂ ಅಲ್ಲ.

ಸಂಜೆ ಊಟಕ್ಕೆ ಬಡಿಸುತ್ತಾ ಗಂಡನ ಮನಸ್ಸನ್ನು ಕೆದಕಿ ನೋಡಿದಳು.

"ಸೋಕಿಚಿ ಅಲ್ದೆ ಬೇರೆ ಯಾರಾದ್ರೂ ಮಾಡಿದ್ರೆ?"

"ಯಾರೇ ಆಗಿರ್ಲಿ," ತತ್ಸುಜೊ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಅವನ ಕೈ ಮುರ್ದೆ. ಇನ್ನೊಬ್ಬ ಸಿಕ್ರೆ ಕತ್ತು ಮುರೀತೀನಿ. ಉಪ್ಪಿನಕಾಯಿ ಹಾಕು."

ಹಾಕಿದಳು. ಬಾಯಿ ಬಿಡದಿದ್ದರೆ ತಮ್ಮ ಸಾಯುತ್ತಾನೆ, ಬಿಟ್ಟರೆ ತಾನು. ಅವಳಿಗೆ ಸಾಯಲು ಮನಸ್ಸಿರಲಿಲ್ಲ. ಅದನ್ನೂ ಅವಳು ಮುಚ್ಚಿಡಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಚಾಪೆ ಹಾಸಲು ಹೆಂಗಸರ ಜೊತೆ ಸಂಘದ ಮನೆಗೆ ಹೋದಳು. ಕಂಬ ಒರೆಸುವಾಗ ಮೊಳೆಯ ಬಲೆ ಅವಳ ಮುಖಕ್ಕೆ ತಾಗಿತು. ಅಂಗಳದಲ್ಲಿ ಅದು ಗೆನ್ಪಾಚಿಯ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಹತ್ತಿರದಿಂದ ಬಿಡಿಸಿ ನೋಡಿದ್ದು ಈಗಲೇ. ಉದ್ದವೂ ಇಲ್ಲ, ಅಗಲವೂ ಇಲ್ಲ. ದುಂಡಗೆ, ತಟ್ಟೆಯ ಹಾಗೆ. ಅಂಚಿಗೆ ಒಂದು ದಾರ, ಎಳೆದರೆ ಬಿಗಿಯುವ ಹಾಗೆ. ಮರಿ ಬಾಚುವ ಚೀಲದ ಬಾಯಿ ಎಂದು ಗಂಡಸರು ಹೇಳಿದ್ದರು. ಚೀಲವೆಲ್ಲಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಬಲೆಯ ಕೆಳಗೆ, ಅದರ ದಾರಕ್ಕೇ ಸಿಕ್ಕಿಕೊಂಡು ಯಾರ ಕಣ್ಣಿಗೂ ಬೀಳದಿದ್ದ ಇನ್ನೊಂದು, ಅದೇ ಅಳತೆಯದು, ಅರ್ಧ ಹೆಣೆದು ನಿಲ್ಲಿಸಿದ್ದು.

ಎರಡು. ಅಡ್ಡೆಗೆ ಎರಡು ಬಕೀಟು.

ಕಿನು ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಮರಿಮನೆಗೆ ನಡೆದಳು.

ಅವಳು ವಾಪಸು ಬಂದಾಗ ಪೂಜಾರಿಯ ಮಂತ್ರ ಮುಗಿದಿತ್ತು. ಸತ್ತ ಮೀನುಗಳ ನೆನಪಿಗೆ ನೆಟ್ಟ ಕಲ್ಲಿಗೆ ಮದ್ಯ ಸುರಿದಾಗಿತ್ತು. ಗಂಡಸರು ಸಾಲಾಗಿ ಮಂಡಿಯೂರಿದ್ದರು, ಸೋಕಿಚಿ ಬಾಗಿಲ ಬಳಿ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಮುರಾಕೋಶಿ ಶಾಯಿಯಲ್ಲಿ ಕುಂಚ ಅದ್ದಿದ್ದ. ಕಿನು ತುಂಬಿದ ಬಕೀಟನ್ನು ಚಾಪೆಯ ನಡುವೆ ಇಟ್ಟಳು.

"ಏಯ್, ಏನೇ ಇದು? ಹೊರಗೆ ಹೋಗೇ," ಎಂದ ತತ್ಸುಜೊ.

ಅವಳು ಮೊಳೆಯಿಂದ ದುಂಡು ಬಲೆ ತೆಗೆದು ಬಕೀಟಿನ ಬಾಯಿಗೆ ಹೊದಿಸಿ ದಾರ ಎಳೆದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಬಕೀಟನ್ನು ವಾಲಿಸಿದಳು. ನೀರು ಚಾಪೆಯ ಮೇಲೆ ಹರಿದು ಯಜಮಾನನ ಮಂಡಿ ನೆನೆಸಿತು. ಒಳಗಿದ್ದ ಕಿತ್ತಳೆ ಮೊಟ್ಟೆಗಳು ಒಂದೂ ಹೊರಬರದೆ ಬಲೆಗೆ ಅಂಟಿ ನಿಂತವು.

"ಮರಿ ಹಿಡಿಯಕ್ಕಲ್ಲ ಇದು," ಎಂದಳು. "ಮರಿ ಚೆಲ್ಲದೇ ಇರೋಕೆ. ಗುಂಡಿಗೆ ಹಾಕ್ಬೇಕಿದ್ದ ಮರಿನೆಲ್ಲ ಆರು ವರ್ಷ ಸರೋವರಕ್ಕೆ ಬಿಟ್ಟೋಳು ನಾನು. ಯಾರೋ ಮರಿ ಸೇರಿಸಿದಾರೆ ಅಂತ ಆ ಕನ್ನಡಕದೋನು ಹೇಳಿದ್ದು ನನ್ನೇ. ದಾರೀಲಿ ಬಿದ್ದು ಸಾಯ್ತಿದ್ವು. ಇವನು ನೋಡಿದಾನೆ, ಹೆಣೆದಿದಾನೆ. ನಂಗೆ ಹೇಳೇ ಇರ್ಲಿಲ್ಲ. ಮೀನು ಸಣ್ಣ ಆಗಿದ್ದು ನನ್ನಿಂದ. ನಿಮ್ಮ ಮೂಳೆಗಳೆಲ್ಲ ಮುರಿದಿದ್ದೂ ನನ್ನಿಂದಾನೇ."

ಆಮೇಲೆ ತತ್ಸುಜೊ ಎದ್ದ.

ಮೊದಲ ಹೊಡೆತಕ್ಕೆ ಅವಳ ದವಡೆ ಹೋಯಿತು. ನೆಲಕ್ಕೆ ಬಿದ್ದವಳ ಪಕ್ಕೆಗೆ ಒದ್ದ, ಕೂದಲು ಹಿಡಿದು ಎತ್ತಿ ಕಂಬಕ್ಕೆ ಅಪ್ಪಳಿಸಿದ. ನಲವತ್ತು ಗಂಡಸರು ನೋಡುತ್ತ ಕೂತಿದ್ದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಕೆಲವರ ಮುಖದಲ್ಲಿ, ತಮ್ಮ ಸರದಿ ಯಾವಾಗ ಬರುತ್ತದೋ ಎಂಬ ಆತುರವೇ ಇತ್ತು. ತತ್ಸುಜೊನ ಎರಡೂ ಹೆಬ್ಬೆರಳು ಅವಳ ಗಂಟಲಿಗೆ ಇಳಿದವು. ಅವಳ ಕಾಲು ಚಾಪೆಯನ್ನು ಕೆರೆಯಿತು.

ಸೋಕಿಚಿ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಕುಂಟುತ್ತ ಬಂದು, ಪೂಜೆಯ ಕಲ್ಲಿನ ಮುಂದಿದ್ದ ಮದ್ಯದ ಮಣ್ಣಿನ ಜಾಡಿಯನ್ನು ಎಡಗೈಯಲ್ಲಿ ಎತ್ತಿ ಭಾವನ ತಲೆಗೆ ಹೊಡೆದ. ಎರಡನೆಯ ಏಟು ಬೇಕಾಗಲಿಲ್ಲ.

ತತ್ಸುಜೊ ಸಾಯಲಿಲ್ಲ. ನಾಲ್ಕು ತಿಂಗಳು ಮಲಗಿದ್ದು ಎದ್ದು, ಪಟ್ಟಣದ ಮರ ಕೊಯ್ಯುವ ಕಾರ್ಖಾನೆಗೆ ಹೋದವನು ಹಿಂದಿರುಗಲಿಲ್ಲ. ಊರು ಒಂದೂ ಹೆಸರನ್ನು ಹೊಡೆದುಹಾಕಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ, ಕಿನುವಿನಷ್ಟು ಚೆನ್ನಾಗಿ ಮೊಟ್ಟೆ ಆರಿಸುವ ಕೈ ಬೇರೆ ಇರಲಿಲ್ಲ, ಅಷ್ಟೇ. ಆದರೆ ಗುಂಡಿಯ ಕೆಲಸ ಇನ್ನು ಸಾಯುವವರೆಗೂ ಅವಳದೇ ಎಂದು ಮುರಾಕೋಶಿ ತೀರ್ಪು ಕೊಟ್ಟ, ಅವಳ ಕಣ್ಣೆದುರಿನಲ್ಲೇ ಪುಸ್ತಕದಲ್ಲಿ ಬರೆಸಿದ. ಅವಳ ದವಡೆ ಓರೆಯಾಗಿಯೇ ಕೂಡಿಕೊಂಡಿತು. ತಮ್ಮನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಳಿದಳು.

ಮೀನು ತಿರುಗಿ ಮೊಳದುದ್ದಕ್ಕೆ ಬರಲು ಐದು ವರ್ಷ ಹಿಡಿಯಿತು. ಹಸಿದ ಮೀನುಗಳು ಮುದಿಯಾಗಿ ಸತ್ತು, ಹೊಸವು ಹೊಟ್ಟೆತುಂಬ ಮೇಯ್ದು, ಕೊನೆಗೆ ಒಂದು ಶರತ್ಕಾಲ ಬಲೆಗಳು ಭಾರವಾಗಿ ಮೇಲೆ ಬಂದವು. ಅವತ್ತು ಗೆನ್ಪಾಚಿ ಎಲ್ಲಕ್ಕಿಂತ ದೊಡ್ಡ ಮೀನನ್ನು ತಂದು ಸೋಕಿಚಿಯ ಹೊಸ್ತಿಲಲ್ಲಿಟ್ಟು, ಮಾತಾಡದೆ ಹೋದ. ಸೋಕಿಚಿಗೆ ಚಾಕು ಹಿಡಿಯಲು ಬರುತ್ತಿರಲಿಲ್ಲ. ಬಲಗೈ ಬೆರಳುಗಳು ಒಣಗಿದ ಶುಂಠಿಯ ಹಾಗೆ ತಿರುಚಿಕೊಂಡಿದ್ದವು. ಕಿನು ಸೀಳಿ, ಉಪ್ಪು ಸವರಿ, ಕಡ್ಡಿಗೆ ಚುಚ್ಚಿ ಸುಟ್ಟಳು. ಅವನು ತಿಂದ. ಅವಳು ಮುಟ್ಟಲಿಲ್ಲ.

ಮುಂದಿನ ವಸಂತದಲ್ಲಿ ಎಂದಿನಂತೆ ಅವಳು ಗುಂಡಿಯ ಅಂಚಿಗೆ ಎರಡು ಬಕೀಟು ತಂದಿಟ್ಟಳು. ಒಂದಕ್ಕೆ ಮುಚ್ಚಳವಾಗಿ ಆ ದುಂಡು ಬಲೆ, ಇನ್ನೊಂದಕ್ಕೆ ಅರ್ಧ ಹೆಣೆದದ್ದು. ಸುಣ್ಣಕ್ಕೆ ಹೋಗುವ ಮರಿ ದಾರಿಯಲ್ಲಿ ಚೆಲ್ಲಿದರೇನು, ಬಿಟ್ಟರೇನು? ಆದರೂ ಕಟ್ಟುತ್ತಿದ್ದಳು. ಸೋಕಿಚಿ ಕುಂಟುತ್ತ ಬಂದು ಪಕ್ಕದಲ್ಲಿ ಕೂತ. ಆರು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಅವಳು ಅವತ್ತು ಕೇಳಿದಳು.

"ಯಾಕೋ ಹೇಳ್ಲಿಲ್ಲ ಅವತ್ತು? ನಾನೇ ಹೊಡೆದಾಗ್ಲೂ?"

"ಹೇಳಿದ್ರೆ ನಿನ್ನ ಕೈ ಮುರೀತಿದ್ರು ಅಕ್ಕ. ನಿನ್ನ ತೊಟ್ಟಿ ಯಾರು ನೋಡ್ಬೇಕಿತ್ತು?"

"ನಿನ್ನ ಬಲೆ ಯಾರು ಹೆಣೀಬೇಕಿತ್ತೋ?"

"ಬಲೆ ಈಗ ಪೇಟೇಲೇ ಸಿಗುತ್ತೆ," ಎಂದ ಸೋಕಿಚಿ. "ನೈಲಾನಿಂದು. ಚೆನ್ನಾಗೇ ಇರುತ್ತೆ."

ಅವನು ಎಡಗೈಯಿಂದ ದಾರ ಸಡಿಲಿಸಿ ಬಲೆ ಎತ್ತಿ ಹಿಡಿದ. ಕಿನು ಬಕೀಟು ಎತ್ತಿ ಗುಂಡಿಗೆ ಸುರಿದಳು.